ಅಣಬೆಯನ್ನು ಹಕ್ಕಿಗೆ ಹೋಲಿಸಿದ ಅಕ್ಕೋರು

ಎಲ್ಲೋ ಒಂದು ಮಡಿವಾಳ ಹಕ್ಕಿ ಹಾಡಿದರೆ ಸಾಕು, ಅಕ್ಕೋರ ತಲೆ ತಾನಾಗಿ ಎಡಕ್ಕೆ ವಾಲುತ್ತಿತ್ತು, ಸೀಮೆಸುಣ್ಣ ಮೆತ್ತಿದ ತೋರುಬೆರಳು ಮೇಲೇಳುತ್ತಿತ್ತು. ಹಾಡು ಮುಗಿಯುವವರೆಗೆ ತರಗತಿ ಕೆಮ್ಮುವಂತಿರಲಿಲ್ಲ. ಹುಕ್ಕೇರಿಯ ಶಾಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದವರು ಅವರು, ನಮ್ಮ ಓಣಿಯವರೇ. ವಿಚಿತ್ರ ಹೋಲಿಕೆಗಳೆಂದರೆ ಅವರಿಗೆ ಪ್ರಾಣ. ಒಮ್ಮೆ ಹಲಗೆಯ ಮೇಲೆ ಆ ಹಕ್ಕಿಯನ್ನೂ ಅಡವಿಯ ವಿಷದ ಅಣಬೆಯನ್ನೂ ಅಕ್ಕಪಕ್ಕ ಬರೆದು ಹೇಳಿದ್ದರು: "ಎರಡೂ ನೋಡಾಕ ಚಂದ. ಆದ್ರ ಹಕ್ಕಿ ನಾ ಇಲ್ಲೇ ಅದೀನಿ ಅಂತ ಕೂಗಿ ಹೇಳತೈತಿ. ಅಣಬಿ ಬಾಯಿ ಬಿಡೂದಿಲ್ಲ." ನಾವು ಮುಸಿಮುಸಿ ನಕ್ಕಿದ್ದೆವು.

ನಾನು ನೌಕರಿಗೆ ಸೇರಿದ ಮೇಲಿನ ಒಂದು ಮಳೆಗಾಲ. ಅಪ್ಪ ಗೋಕಾಕ ಫಾಲ್ಸ್ ಕಡೆಯ ಅಡವಿಯಿಂದ ಬುಟ್ಟಿ ತುಂಬ ಬಿಳಿ ಅಣಬೆ ತಂದ. ಅವ್ವ ಎಂದಿನಂತೆ ಬೆಳ್ಳಿಯ ಕಾಲುಂಗುರ ಹಾಕಿ ಕುದಿಸಿದಳು. ಬೆಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ ಎಂಬುದು ನಮ್ಮ ಮನೆಯ ನಂಬಿಕೆ. ಕಪ್ಪಾಗಲಿಲ್ಲ. ಅವ್ವನಿಗೆ ಅಂದು ಉಪವಾಸ, ನನಗೆ ಅಣಬೆಯೆಂದರೆ ಆಗದು. ಅಪ್ಪನೊಬ್ಬನೇ ಚಪ್ಪರಿಸಿ ಉಂಡ. ಮರುದಿನವಿಡೀ ವಾಂತಿ, ಭೇದಿ. ಅದರ ಮರುದಿನ ಬೆಳಿಗ್ಗೆ ಎಲ್ಲ ನಿಂತು, ಚಹಾ ಕೇಳಿದ. ನಮಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ವಿಚಾರಿಸಲು ಅಕ್ಕೋರು ಬಂದರು. ಹಿತ್ತಲಲ್ಲಿ ಬಿದ್ದಿದ್ದ ಒಂದು ಅಣಬೆಯನ್ನು ಎತ್ತಿ ನೋಡಿದರು. ಬುಡದಲ್ಲಿ ಸಣ್ಣ ಚೀಲದಂಥದ್ದು. ಅವರ ಮುಖ ಬಿಳಿಚಿಕೊಂಡಿತು.

"ಗಾಡಿ ತರಸು. ಈಗಿಂದೀಗ ಬೆಳಗಾವಿಗೆ ಹೋಗಬೇಕ."

ಅಪ್ಪ ರೇಗಿದ. "ನಾ ಆರಾಮ ಅದೀನ್ರಿ ಅಕ್ಕೋರ. ಸುಮ್ಮಸುಮ್ಮನ ಯಾಕ ಹೆದರಸ್ತೀರಿ?"

"ಉಂಗರಾ ಬೆಳ್ಳಗ ಐತ್ರಿ," ಎಂದಳು ಅವ್ವ.

"ಉಂಗರಕ್ಕ ಇದು ತಿಳಿಯೂದಿಲ್ಲವ್ವಾ. ಹಕ್ಕಿ ಸುಮ್ಮನಾತಂದ್ರ ಹಾರಿ ಹೋಗೇತಿ ಅನಬಹುದು. ಈ ಅಣಬಿ ಸುಮ್ಮನಾದಾಗನ ಒಳಗ ಕುಂತು ಲಿವರ್ ತಿನ್ನಾಕತ್ತಿರತೈತಿ."

ಅಪ್ಪ ಮಂಚ ಬಿಟ್ಟು ಅಲುಗಲಿಲ್ಲ. ಅಕ್ಕೋರು ಬಾಗಿಲಿಗೆ ಹೋಗಿ, ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ತಂದು ಕಾಲ ಬುಡದಲ್ಲಿಟ್ಟರು. ಓಣಿಯೆಲ್ಲ ಕೈಮುಗಿಯುವ ಅಕ್ಕೋರು ತನ್ನ ಚಪ್ಪಲಿ ಮುಟ್ಟಿದ್ದು ಕಂಡು ಅಪ್ಪ ಗಡಬಡಿಸಿ ಎದ್ದ.

ಹತ್ತರಗಿ ದಾಟಿದರೂ ಅಪ್ಪನ ಗೊಣಗಾಟ ನಿಲ್ಲಲಿಲ್ಲ. ಅಕ್ಕೋರು ಕಾಗದದಲ್ಲಿ ಸುತ್ತಿದ ಅಣಬೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು, ಲಿವರ್‌ಗೆ ಆಗಲೇ ಪೆಟ್ಟು ಬಿದ್ದಿದೆ, ನಾಳೆ ಬಂದಿದ್ದರೆ ನಮ್ಮ ಕೈಯಲ್ಲಿರುತ್ತಿರಲಿಲ್ಲ ಎಂದರು.

ಅಪ್ಪ ಉಳಿದ. ಎದ್ದು ಕೂತ ದಿನ ಕೇಳಿದ: "ಅಕ್ಕೋರ, ನಿಮ್ಮ ಮಾತು ಸುಳ್ಳಾಗಿದ್ರ ಏನ ಮಾಡತಿದ್ರಿ?"

"ಸುಳ್ಳಾಗಲಿ ಅಂತನ ದಾರಿಗುಂಟ ಬೇಡಕೊಂಡೇನ್ರಿ."

ಹೋದ ವರ್ಷ ಅಕ್ಕೋರು ತೀರಿಕೊಂಡರು. ಅಪ್ಪ ಇದ್ದಾನೆ, ಚಹಾ ತಣ್ಣಗಾಯಿತೆಂದು ಈಗಲೂ ದಿನಾ ನನ್ನ ಜೊತೆ ಜಗಳ ತೆಗೆಯುತ್ತಾನೆ. ಆ ಜಗಳ ಅವರು ನನಗೆ ಕೊಟ್ಟು ಹೋದದ್ದು.