ಅಳಿಯನ ಪಕ್ಕದ ಸೀಟು

ರಸ್ತೆ ಮೇಲೆ ಮಂಜುಗಡ್ಡೆ ಇತ್ತು, ಗಾಡಿ ಜಾರಿತು, ದೇವರ ದಯೆಯಿಂದ ನಾಲ್ಕೂ ಜನ ಉಳಿದುಕೊಂಡೆವು. ಮನೆಗೆ ಬಂದವರಿಗೆಲ್ಲ ನನ್ನ ಮಗಳು ಇಷ್ಟನ್ನೇ ಹೇಳುತ್ತಾಳೆ. ನಿಜ ಗೊತ್ತಾದ ಮೇಲೂ ಹಾಗೇ ಹೇಳುತ್ತಾಳೆ, ನನ್ನ ಮಾನ ಉಳಿಸುವುದಕ್ಕೆ. ನನಗೆ ಅದು ಬೇಕಿಲ್ಲ. ಆ ಮಂಜುಗಡ್ಡೆಯನ್ನು ನಾನು ಮೊದಲೇ ನೋಡಿದ್ದೆ. ನೋಡಿಯೂ, ಪಕ್ಕದಲ್ಲೇ ಕೂತು ಗಾಡಿ ಓಡಿಸುತ್ತಿದ್ದ ಅಳಿಯಂದಿರಿಗೆ ಹೇಳಲಿಲ್ಲ. ನಡೆದದ್ದು ಇಷ್ಟು.

ನಮ್ಮ ಕಡೆ ನನ್ನ ಕಾಲದಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತನಾಡುತ್ತಿರಲಿಲ್ಲ. ನನ್ನ ಅಮ್ಮ ಬಾಗಿಲ ಹಿಂದೆ ನಿಂತು, "ಊಟಕ್ಕೆ ಏಳಬೇಕಂತೆ" ಎಂದು ಗೋಡೆಗೆ ಹೇಳುತ್ತಿದ್ದಳು. ಒಳಗೆ ನನ್ನ ಗಂಡ ಎದ್ದು ಕೈ ತೊಳೆಯುತ್ತಿದ್ದರು. ಅವರಿಗೆ ಅಮ್ಮನ ದನಿ ಗೊತ್ತಿತ್ತು, ಮುಖ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಮಗಳ ಮದುವೆಯಾದಾಗ ನಾನೂ ಹಾಗೇ ಇದ್ದೆ. ಇರು ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಳಿಯಂದಿರಿಗೆ ಏನಾದರೂ ಹೇಳಬೇಕಿದ್ದರೆ ನನ್ನ ಗಂಡ ಹೇಳುತ್ತಿದ್ದರು. ಅವರು ಹೋದ ಮೇಲೆ ಮಗಳು ನನ್ನನ್ನು ಡಬ್ಲಿನ್ನಿಗೆ ಕರೆದುಕೊಂಡು ಬಂದಳು. ಆಮೇಲೆ ಅವಳೇ ನಮ್ಮಿಬ್ಬರ ನಡುವಿನ ಬಾಯಿ. ಅವಳಿಲ್ಲದಾಗ ಮೊಮ್ಮಗಳು.

ಬ್ಲಾಂಚರ್ಡ್ಸ್‌ಟೌನಿನ ಬಾಡಿಗೆ ಮನೆ. ಬೆಳಿಗ್ಗೆ ಮಗಳು ಬಸ್ಸು ಹತ್ತಿ ಗ್ರ್ಯಾಂಡ್ ಕೆನಾಲ್ ಡಾಕಿನ ಆಫೀಸಿಗೆ ಹೋಗುತ್ತಾಳೆ, ಮೊಮ್ಮಗಳು ಸ್ಕೂಲಿಗೆ. ಅಳಿಯಂದಿರದು ಮನೆಯಿಂದಲೇ ಕೆಲಸ, ಮೇಲಿನ ರೂಮಿನಲ್ಲಿ. ಕೆಳಗೆ ನಾನು. ದಿನವೆಲ್ಲ ಆ ಮನೆಯಲ್ಲಿ ಕನ್ನಡ ಬರುವವರು ಇಬ್ಬರಿರುತ್ತೇವೆ, ಒಂದು ಮಾತಿಲ್ಲ. ಮಧ್ಯಾಹ್ನ ಟೇಬಲ್ ಮೇಲೆ ಊಟ ಮುಚ್ಚಿಟ್ಟು, ಪಾತ್ರೆಯ ಮೇಲೆ ಸೌಟಿನಿಂದ ಎರಡು ಸಲ ಬಡಿದು ನನ್ನ ರೂಮಿಗೆ ಹೋಗುತ್ತೇನೆ. ಅವರು ಮೆಟ್ಟಿಲಿಳಿಯುವಾಗ ಒಂದು ಸಲ ಕೆಮ್ಮುತ್ತಾರೆ. ಊಟ ಮಾಡಿ ತಟ್ಟೆ ತೊಳೆದಿಟ್ಟು ಹೋಗುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೆ ರಾತ್ರಿ ಮಗಳ ಬಾಯಲ್ಲಿ ನನಗೆ ತಿಳಿಯುತ್ತದೆ. ಅವರು ಒಳ್ಳೆಯವರು. ಕೆಟ್ಟವರಾಗಿದ್ದರೆ ಎಂದೋ ಬೈದು ಮಾತು ಶುರು ಮಾಡಿಬಿಡುತ್ತಿದ್ದೆನೋ ಏನೋ.

ಕಳೆದ ಚಳಿಗಾಲದ ರಜೆಗೆ ಮಗಳು ಒಂದು ಮೋಟರ್‌ಹೋಮ್ ಬಾಡಿಗೆಗೆ ತಂದಳು. ಲಾರಿಯಷ್ಟು ಎತ್ತರ, ಒಳಗೇ ಒಲೆ, ಹಾಸಿಗೆ, ಸಿಂಕು, ಕಕ್ಕಸು. ಮನೆಯೊಳಗೆ ಬೆಚ್ಚಗಿರುವುದು ಬಿಟ್ಟು ಈ ಚಳಿಯಲ್ಲಿ ಮನೆಯನ್ನೇ ಹೊತ್ತುಕೊಂಡು ತಿರುಗುವುದು ಏನು ಸುಖವೋ ನನಗೆ ಅರ್ಥವಾಗಲಿಲ್ಲ. ಕಾರ್ಕಿಗೆ ಹೋಗುವುದು, ಅಲ್ಲಿ ಇವರ ಸ್ನೇಹಿತರಿದ್ದಾರೆ, ಆಮೇಲೆ ಸಮುದ್ರದ ದಡದಲ್ಲಿ ಎರಡು ದಿನ. ನಾನು ರಾಗಿಹಿಟ್ಟು, ಕುಕ್ಕರು, ಚಕ್ಕುಲಿ ಡಬ್ಬ, ಪುಳಿಯೋಗರೆ ಗೊಜ್ಜು ಎಲ್ಲ ಮೇಲಿನ ಕಪಾಟುಗಳಿಗೆ ತುಂಬಿದೆ. ಹೊರಡುವಾಗ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ.

"ಅಮ್ಮ, ನೀನು ಮುಂದೆ ಕೂತ್ಕೋ" ಎಂದಳು ಮಗಳು.

"ಮುಂದೆ ಯಾಕೆ? ನೀನು ಕೂತ್ಕೊಳ್ಳೇ, ನಿನ್ನ ಗಂಡನ ಪಕ್ಕ."

"ಹಿಂದೆ ಕೂತ್ರೆ ನಿನಗೆ ವಾಂತಿ ಬರುತ್ತೆ. ಹೋದ್ಸಲ ಕಾರು ತೊಳೆದೋಳು ನಾನು. ಸುಮ್ನೆ ಕೂತ್ಕೋ."

ಮೊಮ್ಮಗಳಿಗೆ ಒಂಬತ್ತು ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿನ ರಾಗದ ಇಂಗ್ಲಿಷಿನಲ್ಲಿ. "ಯು ಆರ್ ಗ್ರ್ಯಾಂಡ್, ಅಜ್ಜಿ" ಎಂದು ನನ್ನ ಬೆನ್ನು ತಟ್ಟಿತು ಅದು. ಏನೂ ಆಗಲ್ಲ ಅನ್ನುವುದಕ್ಕೆ ಇಲ್ಲಿಯವರು ಗ್ರ್ಯಾಂಡ್ ಅನ್ನುತ್ತಾರೆ.

ಹಾಗೆ, ಮಗಳ ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಸಲ ನಾನು ಅಳಿಯಂದಿರ ಪಕ್ಕ ಕೂತೆ. ಸೆರಗನ್ನು ಸ್ವೆಟರಿನ ಮೇಲೆ ಎಳೆದುಕೊಂಡು ಎಡಗಡೆ ಕಿಟಕಿಗೆ ಒತ್ತಿಕೊಂಡೆ. ಅವರೂ ಬಲಗಡೆ ಬಾಗಿಲಿಗೆ ಒತ್ತಿಕೊಂಡಿದ್ದರು. ಊರು ದಾಟುವವರೆಗೆ ಮಗಳು ಹಿಂದಿನಿಂದ ಏನೇನೋ ಮಾತಾಡುತ್ತಿದ್ದಳು. ಆಮೇಲೆ ಕಿವಿಗೆ ಆ ಹಾಡಿನ ಗುಂಡಿಗಳನ್ನು ಸಿಕ್ಕಿಸಿಕೊಂಡು ನಿದ್ದೆ ಹೋದಳು. ಮಗು ಯಾವುದೋ ಸಿನಿಮಾ ನೋಡುತ್ತಿತ್ತು. ಒಂದು ಗಂಟೆಗೂ ಹೆಚ್ಚು ನಾವಿಬ್ಬರೂ ರಸ್ತೆ ನೋಡಿಕೊಂಡು ಕೂತಿದ್ದೆವು. ಒಂದು ಸಲ ಅವರು ಕೈ ಚಾಚಿ ನನ್ನ ಕಾಲಿನ ಕಡೆಗೆ ಬಿಸಿಗಾಳಿ ತಿರುಗಿಸಿದರು. ಕಾಲು ಬೆಚ್ಚಗಾಯಿತು. ನಾನು ಹೂಂ ಎಂದೂ ಅನ್ನಲಿಲ್ಲ.

ಮಂಜುಗಡ್ಡೆಯ ವಿಷಯ ನನಗೆ ಹೇಗೆ ಗೊತ್ತು ಎಂದರೆ, ನಾನು ದಿನಾ ನಡೆಯುವವಳು. ಹೊರಡುವ ಹಿಂದಿನ ವಾರ ಹಾಲು ತರಲು ಹೋಗಿ ಫುಟ್‌ಪಾತಿನಲ್ಲಿ ಜಾರಿ ಕೂತಿದ್ದೆ. ಪಕ್ಕದ ಮನೆಯ ಮುದುಕಿ ನನ್ನನ್ನು ಎಬ್ಬಿಸಿ, ನೆಲವನ್ನು ಬೆರಳಿನಿಂದ ತೋರಿಸಿ, ಆಕಾಶವನ್ನು ತೋರಿಸಿ, ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಮಳೆ ಬಂದಿಲ್ಲ, ಆದರೂ ನೆಲ ಒದ್ದೆಯ ಹಾಗೆ ಹೊಳೆಯುತ್ತಿದ್ದರೆ ಕಾಲಿಡಬೇಡ ಎಂದು. ಅವಳ ಭಾಷೆ ನನಗೆ ಬಾರದು, ಪಾಠ ಬಂತು. ಅಳಿಯಂದಿರು ಕಾರಿನಲ್ಲಿ ಓಡಾಡುವವರು, ಅಂಥ ಪಾಠ ಅವರಿಗೆ ಯಾರು ಹೇಳಬೇಕು?

ಮುಂದೆ ಒಂದು ಸೇತುವೆ ಕಂಡಿತು. ಅಲ್ಲಿಯವರೆಗೆ ರಸ್ತೆ ಬೂದಿ ಬಣ್ಣಕ್ಕಿತ್ತು, ಒಣಗಿತ್ತು. ಸೇತುವೆ ಮಾತ್ರ ಕಪ್ಪಗೆ, ಈಗ ತಾನೇ ಸಾರಿಸಿಟ್ಟ ನೆಲದ ಹಾಗೆ ಹೊಳೆಯುತ್ತಿತ್ತು. ನಾನು ಆಕಾಶ ನೋಡಿದೆ. ಮಳೆ ಇಲ್ಲ.

ನಿಧಾನ. ಹೇಳಬೇಕಾಗಿದ್ದದ್ದು ಆ ಒಂದು ಪದ. ಅಳಿಯಂದಿರ ಮೊಣಕೈ ನನ್ನ ಮೊಣಕೈಯಿಂದ ಒಂದು ಮೊಳ ದೂರವಿತ್ತು. ನಾನೇನು ಮಾಡಿದೆ? ಕತ್ತು ತಿರುಗಿಸಿ ಹಿಂದಕ್ಕೆ ಕೂಗಿದೆ.

"ಏಯ್, ಏಳೇ! ನಿನ್ನ ಗಂಡಂಗೆ ಹೇಳೇ, ಮುಂದೆ ಜಾರ್ತೈತೆ ಅಂತ!"

ಅವಳಿಗೆ ಕೇಳಲಿಲ್ಲ. "ಏಳೇ ನಿನ್ನ ಮನೆ ಕಾಯ್ವಾಗ!" ಎಂದು ಇನ್ನೊಂದು ಸಲ ಕೂಗಿದೆ. ನನ್ನ ಕೂಗಿಗೆ ಬೆಚ್ಚಿ ಅಳಿಯಂದಿರು, "ಏನಾಯ್ತು?" ಎಂದು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಗಾಡಿ ಸೇತುವೆಯ ಮೇಲಿತ್ತು.

ಸದ್ದೇ ಇಲ್ಲದೆ ಹಿಂಭಾಗ ಪಕ್ಕಕ್ಕೆ ಬಂತು. ಚಕ್ರದ ಸದ್ದು ನಿಂತುಹೋಗಿ, ತೆಪ್ಪದಲ್ಲಿ ಕೂತ ಹಾಗಾಯಿತು. ಅಳಿಯಂದಿರು ಸ್ಟಿಯರಿಂಗ್ ಆ ಕಡೆ ಈ ಕಡೆ ತಿರುಗಿಸುತ್ತಿದ್ದರು, ಗಾಡಿಗೆ ಅದು ತಿಳಿಯುತ್ತಲೇ ಇರಲಿಲ್ಲ. ಸೇತುವೆ ದಾಟಿ ರಸ್ತೆ ಬದಿಯ ಕಂಬಿಗೆ ಒಂದು ಸಲ ಬಡಿಯಿತು, ಒಂದು ಸುತ್ತು ತಿರುಗಿತು, ಹುಲ್ಲಿನ ಇಳಿಜಾರಿನಲ್ಲಿ ನನ್ನ ಮಗ್ಗುಲಿಗೆ ಮಲಗಿತು. ಕಪಾಟುಗಳೆಲ್ಲ ತೆರೆದುಕೊಂಡು ಕುಕ್ಕರು ಎಲ್ಲೋ ಬಡಿದ ಸದ್ದಾಯಿತು. ರಾಗಿಹಿಟ್ಟಿನ ಚೀಲ ಒಡೆದು ಗಾಡಿಯೊಳಗೆಲ್ಲ ಹಿಟ್ಟು ಹಾರಾಡಿತು. ಕಣ್ಣು ಬಿಟ್ಟರೆ ಕಿಟಕಿ ಇದ್ದ ಕಡೆ ಮಣ್ಣು ಮತ್ತು ಹುಲ್ಲು. ನನ್ನ ಎಡಗೈ ಕೆಳಗೆ ಸಿಕ್ಕಿಕೊಂಡಿತ್ತು. ತಲೆಯ ಮೇಲೆ ಅಳಿಯಂದಿರು ಬೆಲ್ಟಿನಲ್ಲಿ ನೇತಾಡುತ್ತಿದ್ದರು.

"ಅತ್ತೆ! ಅತ್ತೆ, ಮಾತಾಡಿ! ಅತ್ತೆ!"

ನನಗೆ ಎಚ್ಚರವಿತ್ತು, ದನಿಯೂ ಇತ್ತು. ಆದರೂ ನಾನು ಹಿಂದಕ್ಕೆ ಕೂಗಿ ಹೇಳಿದೆ, "ಹೇಳೇ ಅವರಿಗೆ, ನಾನು ಬದುಕಿದ್ದೀನಿ ಅಂತ."

ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಮಗಳು ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವಳು ಮಗುವಿನ ಹೆಸರು ಹಿಡಿದು ಕೂಗುತ್ತಿದ್ದಳು. ಮಗುವಿನದು ಸದ್ದಿಲ್ಲ. ಎಷ್ಟು ಹೊತ್ತೋ ಏನೋ, ಆಮೇಲೆ ಅದು ಅಳಲು ಶುರು ಮಾಡಿತು. ಅಳು ಕೇಳಿ ಅಷ್ಟು ಸಂತೋಷ ನನಗೆ ಅದು ಹುಟ್ಟಿದ ದಿನವೂ ಆಗಿರಲಿಲ್ಲ.

ಮುಂದಿನ ಗಾಜು ತೆಗೆದು ಅಳಿಯಂದಿರನ್ನೂ ನನ್ನನ್ನೂ ಹೊರಗೆ ಎಳೆದುಕೊಂಡವರು ಅಗ್ನಿಶಾಮಕದವರು. ಮಗಳನ್ನೂ ಮಗುವನ್ನೂ ಛಾವಣಿಯ ಕಿಂಡಿಯಿಂದ ತೆಗೆದರು. ಎಲ್ಲರ ಮೈಯೂ ರಾಗಿಹಿಟ್ಟು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಕಾರು ನಿಲ್ಲಿಸಿ, ತನ್ನ ಕೋಟು ಬಿಚ್ಚಿ ನನಗೆ ಹೊದಿಸಿ, ಆ ಹುಲ್ಲಿನ ಮೇಲೆ ನನ್ನ ಪಕ್ಕ ಕೂತಳು. ನನ್ನ ಬಲಗೈ ಹಿಡಿದುಕೊಂಡು ಆಂಬುಲೆನ್ಸ್ ಬರುವವರೆಗೂ ಮಾತಾಡುತ್ತಲೇ ಇದ್ದಳು. ಗ್ರ್ಯಾಂಡ್ ಎನ್ನುವುದೊಂದು ಬಿಟ್ಟು ನನಗೆ ಒಂದಕ್ಷರ ತಿಳಿಯಲಿಲ್ಲ. ಅವಳಿಗದು ಗೊತ್ತಾಗಿತ್ತು, ಆದರೂ ನಿಲ್ಲಿಸಲಿಲ್ಲ. ಅಳಿಯಂದಿರು ಸ್ವಲ್ಪ ದೂರದಲ್ಲಿ ಒಬ್ಬರೇ, ಸೇತುವೆಯ ಕಡೆ ನೋಡುತ್ತ ನಿಂತಿದ್ದರು. ಅವರ ಕೈ ಹಿಡಿದವರು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ಎಡಗೈಗೆ ಪಟ್ಟಿ ಕಟ್ಟಿ ಕುತ್ತಿಗೆಗೆ ನೇತು ಹಾಕಿದರು. ಮಗುವಿನ ಮುಂಗೈ ಮೂಳೆ ಮುರಿದಿತ್ತು, ಹಣೆಗೆ ಹೊಲಿಗೆ ಬಿತ್ತು. ತಲೆಗೆ ಪೆಟ್ಟಾದ್ದರಿಂದ ಒಂದು ರಾತ್ರಿ ಅಲ್ಲೇ ಇರಬೇಕು ಎಂದರು. ಮಗಳು ಮಗುವಿನ ಜೊತೆ ಒಳಗಿದ್ದಾಗ ಪೊಲೀಸಿನವನು ಬಂದ, ಇಲ್ಲಿ ಗಾರ್ಡ ಅನ್ನುತ್ತಾರೆ. ಅಳಿಯಂದಿರ ಹತ್ತಿರ ಮಾತಾಡಿ ನನ್ನ ಕಡೆ ತಿರುಗಿ ಏನೋ ಕೇಳಿದ. ನಡುವೆ ಮಗಳಿಲ್ಲ. ಅಳಿಯಂದಿರು ನೆಲ ನೋಡುತ್ತ ಹೇಳಿದರು.

"ಅತ್ತೆ, ಅವ್ರು ಕೇಳ್ತಿದಾರೆ. ಮುಂಚೆ ನಿಮಗೇನಾದ್ರೂ ಕಾಣಿಸ್ತಾ ಅಂತ."

ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ.

ಆಗ ಮಗಳು ಹೊರಗೆ ಬಂದಳು. ಗಾರ್ಡ ಹೋಗುವವರೆಗೆ ಸುಮ್ಮನಿದ್ದು, ಗಂಡನ ಮೇಲೆ ಬಿದ್ದಳು.

"ನಿಧಾನ ಓಡ್ಸು ಅಂತ ಹೊರಡುವಾಗ್ಲೇ ಹೇಳಿದ್ನಾ ಇಲ್ವಾ? ರಸ್ತೆ ನೋಡ್ದೆ ಏನ್ ನೋಡ್ತಿದ್ದೆ ನೀನು?"

"ನನಗೆ ಕಾಣಿಸ್ಲಿಲ್ಲ ಕಣೇ."

"ಕಾಣಿಸ್ಲಿಲ್ಲ! ಮಗು ಸತ್ತೋಗಿದ್ರೆ? ಆಗ್ಲೂ ಕಾಣಿಸ್ಲಿಲ್ಲ ಅಂತಿದ್ದೆ ಅಲ್ವಾ? ಇನ್ಮೇಲೆ ನನ್ನ ಮಗಳನ್ನ ನಿನ್ನ ಗಾಡಿಲಿ ಕೂರ್ಸಲ್ಲ ನಾನು."

ನಾನು ಕೂಗಿದ್ದಕ್ಕೆ ಅವರು ತಿರುಗಿದರು ಎಂದಾದರೂ ಹೇಳಬಹುದಿತ್ತು. ಹೇಳಲಿಲ್ಲ. ನಾನು ಎರಡು ಹೆಜ್ಜೆ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡೆ.

ಮಗಳು ಮಗುವಿನ ಜೊತೆ ಅಲ್ಲೇ ಉಳಿದಳು. ಸ್ನೇಹಿತರೊಬ್ಬರು ಬಂದು ನನ್ನನ್ನೂ ಅಳಿಯಂದಿರನ್ನೂ ಬ್ಲಾಂಚರ್ಡ್ಸ್‌ಟೌನಿಗೆ ಬಿಟ್ಟು ಹೋದರು. ಸಂಜೆ ಐದಕ್ಕೇ ಕತ್ತಲು. ಒಂದೇ ಕೈಯಲ್ಲಿ ಅನ್ನ, ತಿಳಿಸಾರು ಮಾಡಿ ಟೇಬಲ್ ಮೇಲಿಟ್ಟು, ಪಾತ್ರೆ ಮೇಲೆ ಸೌಟಿನಿಂದ ಎರಡು ಸಲ ಬಡಿದು ರೂಮಿಗೆ ಹೋದೆ. ಕೆಮ್ಮು ಕೇಳಲಿಲ್ಲ. ಮತ್ತೆ ಬಂದು ಬಡಿದೆ. ಬಾಗಿಲ ಸಂದಿಯಿಂದ ನೋಡಿದರೆ ಮೆಟ್ಟಿಲಿನ ನಡುವೆ, ಕೋಟನ್ನೂ ಬಿಚ್ಚದೆ ಕೂತಿದ್ದರು. ಕೂದಲಲ್ಲಿ ಇನ್ನೂ ರಾಗಿಹಿಟ್ಟಿತ್ತು. ಕರೆಯಲು ಕಳುಹಿಸುವುದಕ್ಕೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪಾತ್ರೆ ಬಡಿಯುವ ನನ್ನ ಕೈ ಎಷ್ಟು ನೀಚವಾಗಿ ಕಂಡಿತು ಎಂದರೆ, ಸೌಟನ್ನು ಸಿಂಕಿಗೆ ಹಾಕಿ ಹೋಗಿ ಮಲಗಿದೆ. ಮಲಗಿ ಒಂದೇ ಲೆಕ್ಕ ಹಾಕಿದೆ: ನಾನು ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಮನುಷ್ಯ ಬದುಕಿರುವವರೆಗೆ ತನ್ನ ಮಗುವಿನ ಹಣೆಯ ಗಾಯ ನೋಡಿಕೊಂಡು ಅನ್ನ ತಿನ್ನುತ್ತಾನೆ.

ಬೆಳಿಗ್ಗೆ ಎದ್ದಾಗ ಅನ್ನ ಸಾರು ಇಟ್ಟ ಹಾಗೇ ಇತ್ತು. ಹೊರಗೆ ಕೆರೆಯುವ ಸದ್ದು. ಕಿಟಕಿಯಿಂದ ನೋಡಿದರೆ ಅಳಿಯಂದಿರು ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದರು. ಕೆರೆದು ಮುಗಿಸಿದರು. ಬಾಗಿಲು ತೆಗೆದರು. ಸೀಟನ್ನೇ ನೋಡುತ್ತ ನಿಂತರು, ಬಾಗಿಲು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಮತ್ತೆ ಗಾಜು ಕೆರೆಯತೊಡಗಿದರು. ಅಲ್ಲಿ ಕೆರೆಯಲು ಏನೂ ಉಳಿದಿರಲಿಲ್ಲ.

ನಾನು ಕಾಫಿ ಮಾಡಿದೆ. ಲೋಟವನ್ನು ಟೇಬಲ್ ಮೇಲಿಡದೆ, ಬಲಗೈಯಲ್ಲಿ ಹಿಡಿದುಕೊಂಡು, ಚಪ್ಪಲಿಯಲ್ಲೇ ಹೊರಗೆ ಹೋಗಿ ಅವರ ಎದುರು ನಿಂತೆ. ಹಣೆಯಲ್ಲಿ, ಕಣ್ಣಿನ ಸುತ್ತ ಎಷ್ಟು ಸುಕ್ಕು ಬಂದಿತ್ತು ಅವರಿಗೆ. ನನಗೆ ಗೊತ್ತಿದ್ದದ್ದು ಮದುವೆ ಫೋಟೋದ ಮುಖ.

"ತಗೊಳ್ಳಿ" ಎಂದೆ. "ನಿನ್ನೆ ಸೇತುವೆ ಹೊಳೀತಿದ್ದದ್ದು ನನಗೆ ಕಾಣಿಸ್ತು. ನಿಮಗೆ ಹೇಳ್ದೆ ನಿಮ್ಮ ಹೆಂಡ್ತಿನ ಕೂಗ್ದೆ. ಪೊಲೀಸಿಗೂ ಸುಳ್ಳು ಹೇಳ್ದೆ. ತಪ್ಪು ನಂದು."

ಅವರು ಲೋಟ ಹಿಡಿದುಕೊಂಡು ನನ್ನನ್ನೇ ನೋಡಿದರು.

"ಗೊತ್ತು ಅತ್ತೆ. ಜಾರ್ತೈತೆ ಅಂದಿದ್ದು ಕೇಳಿಸ್ತು."

"ಕೇಳ್ಸಿದ್ರೂ ನಿಮ್ಮ ಹೆಂಡ್ತಿ ಹತ್ರ ಯಾಕೆ ಹೇಳ್ಲಿಲ್ಲ?"

"ನಿಮ್ಮ ಹೆಸರು ಹೇಗೆ ಹೇಳ್ಲಿ?"

ಕಾಫಿ ಕುಡಿಯಿರಿ, ಆರುತ್ತದೆ ಎಂದೆ. ಕುಡಿದರು. ಸ್ನೇಹಿತರಿಗೆ ಫೋನ್ ಮಾಡುತ್ತೇನೆ, ಮಗುವನ್ನು ಅವರೇ ಕರೆದುಕೊಂಡು ಬರಲಿ, ತನಗೆ ಓಡಿಸುವುದಕ್ಕೆ ಆಗುತ್ತಿಲ್ಲ ಎಂದರು. ನಾನು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದೆ. ಒಂದು ತೋಳಿಗೆ ಸಿಕ್ಕಿಸಿ ಇನ್ನೊಂದು ಪಟ್ಟಿಯ ಮೇಲೆ ಎಳೆದುಕೊಂಡೆ. ಕಾರಿನ ಮುಂದಿನ ಬಾಗಿಲು ತೆಗೆದು ಅವರ ಪಕ್ಕದ ಸೀಟಿನಲ್ಲಿ ಕೂತೆ.

"ಕೂತ್ಕೊಳ್ಳಿ. ನೀವು ಓಡ್ಸಿ, ನಾನು ನೋಡ್ತೀನಿ. ಅಲ್ಲಿ ನನ್ನ ಮಗಳಿಗೂ ನಾನೇ ಹೇಳ್ತೀನಿ. ಈ ಬೆಲ್ಟು ಹಾಕೋಕೆ ಆಗ್ತಿಲ್ಲ, ಸ್ವಲ್ಪ ಹಾಕ್ಕೊಡಿ."

ಬೆಲ್ಟು ಹಾಕಿಕೊಟ್ಟರು. ಆ ಕಡೆಯಿಂದ ಬಂದು ಕೂತು ಗಾಡಿ ಚಾಲೂ ಮಾಡಿದರು. ಮನೆ ಮುಂದಿನ ತಿರುವಿನಿಂದಲೇ ನಾನು ಶುರು ಮಾಡಿದೆ. ನಿಧಾನ. ಬಲಗಡೆ ಬಸ್ಸು. ಆ ಮರದ ನೆರಳಲ್ಲಿ ಕಪ್ಪಗೈತೆ, ನೋಡ್ಕೊಳ್ಳಿ. ಮೋಟರ್‌ವೇ ಸೇರುವವರೆಗೂ ಬಾಯಿ ಮುಚ್ಚಲಿಲ್ಲ.

"ಅತ್ತೆ, ಅದು ಬರೀ ನೀರು" ಎಂದರು ಅವರು ಒಂದು ಕಡೆ.

"ಇರ್ಲಿ, ನಿಧಾನ ಹೋಗಿ" ಎಂದೆ.