ನೀರು ಕಪ್ಪಾಗುವ ಮುಂಚೆ

ನಮ್ಮಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ವಾಟರ್ ಪೇಪರ್ ಎಂಬ ಮರಳುಕಾಗದ ಹಿಡಿದು ಗಾಡಿಗಳ ಹಳೆ ಬಣ್ಣ ಉಜ್ಜಿ ಉಜ್ಜಿ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. "ಬೆರಳು ಚೆನ್ನಾಗಿ ಒರೆಸಿ ಒತ್ರಿ ಅಕ್ಕಾರೆ" ಎಂದು ಅಂಗಡಿಯವನು ಹೇಳಿದರೆ, "ಇನ್ನೂ ಒರೆಸಿದ್ರೆ ಬೆರಳೇ ಉಳಿಯಲ್ಲ ಬಿಡ್ರಿ" ಎಂದು ನಗುತ್ತಿದ್ದಳು.

ಚನ್ನಗಿರಿಯಲ್ಲಿ ನಮ್ಮದು ಪೇಂಟಿಂಗ್ ಅಂಗಡಿ. ಅಪ್ಪನ ನಂತರ ಅಕ್ಕನೇ ನಡೆಸಿದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅವಳ ಕೈಕೆಳಗೆ ಕೆಲಸ ಕಲಿತೆ. ಬೈಕಿನ ಟ್ಯಾಂಕಿಗೆ ಬಣ್ಣ ಹೊಡೆಯುವುದು ನಮಗೆ ಗೊತ್ತಿದ್ದ ಕೆಲಸ. ಆಮೇಲೆ ರೇಸಿನವರು ಕಾರ್ಬನ್ ಸೈಕಲ್ ತರತೊಡಗಿದರು. ಕಾರ್ಬನ್ ಎಂದರೆ ಕಬ್ಬಿಣವಲ್ಲ. ಕಪ್ಪು ನೂಲಿನ ಬಟ್ಟೆಯನ್ನು ಅಂಟಿನಲ್ಲಿ ಅದ್ದಿ ಗಟ್ಟಿ ಮಾಡಿದ್ದು. ಅಕ್ಕ ದಾವಣಗೆರೆಯ ಸೈಕಲ್ ಅಂಗಡಿಯಿಂದ ಮುರಿದ ಹ್ಯಾಂಡಲ್ ಒಂದನ್ನು ಕೇಳಿ ತಂದು, ಅದರ ಮೇಲೆ ಕೈ ಪಳಗಿಸಿಕೊಂಡಳು. ಹಳೆ ಬಣ್ಣ ಕೀಳುವ ರಿಮೂವರ್ ದ್ರಾವಣ ಹಚ್ಚಿದರೆ ಬಣ್ಣದ ಜೊತೆ ಅಂಟೂ ಮೆತ್ತಗಾಗುತ್ತದೆ, ಬಿಸಿ ಗಾಳಿ ಬಿಟ್ಟರೂ ಅದೇ ಗತಿ ಎಂದು ಆ ತುಂಡೇ ಅವಳಿಗೆ ಕಲಿಸಿತು. ಮೂಗಿಗೆ ಮಾಸ್ಕ್ ಕಟ್ಟಿ, ನೀರು ಬಿಡುತ್ತಾ, ಕೈಯಿಂದಲೇ ಉಜ್ಜುತ್ತಿದ್ದಳು. ಕಣ್ಣು ಮಾತ್ರ ಕೆಳಗೆ ಬೀಳುವ ನೀರಿನ ಮೇಲೆ.

"ಬಣ್ಣದ ನೀರು ಬರ್ಲಿ. ಕರಿ ನೀರು ಬಂತೋ, ಕೈ ತೆಗಿ. ಅದು ಬಣ್ಣ ಅಲ್ಲಲೇ, ಸೈಕಲ್ಲಿನ ನರ."

ಜಗಳೂರಿನ ಹುಡುಗಿಯೊಬ್ಬಳು ಹೊಸ ಬಣ್ಣ ಹೊಡೆಯಲೆಂದು ಕಾರ್ಬನ್ನಿನ ಕೆಂಪು ಫೋರ್ಕ್ ತಂದುಕೊಟ್ಟಳು. ಮುಂದಿನ ಚಕ್ರವನ್ನು ಹಿಡಿಯುವ ಭಾಗ ಅದು. ಓಡುವಾಗ ಮುರಿದರೆ ಸವಾರನ ಮುಖವೇ ರಸ್ತೆಗೆ. ಅಕ್ಕ ನೆಂಟರ ಮದುವೆಗೆಂದು ಹೊನ್ನಾಳಿಗೆ ಹೋಗಿದ್ದಳು. ಅವಳು ಬರುವಷ್ಟರಲ್ಲಿ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಳ್ಳೋಣ ಎಂದು ನಾನು ಟ್ಯಾಂಕಿಗೆ ಹಚ್ಚಿದಂತೆ ರಿಮೂವರ್ ಹಚ್ಚಿದೆ. ಬಣ್ಣ ಗುಳ್ಳೆಯೆದ್ದು ಸಲೀಸಾಗಿ ಬಂತು. ಒರೆಸುವಾಗ ಒಂದು ಕಡೆ ಉಗುರು ಒಳಗಿಳಿಯಿತು. ಅಂಟು ಮೆತ್ತಗಾಗಿತ್ತು. ಪುಟ್ಟಿ ಬಳಿದು, ಮೇಲೆ ಹೊಸ ಬಣ್ಣ ಹೊಡೆದು ಮುಚ್ಚಿಬಿಟ್ಟೆ.

ಅಕ್ಕ ಬಂದವಳೇ ಅದನ್ನು ನಾಣ್ಯದಿಂದ ತಟ್ಟಿದಳು. ಟಣ್, ಟಣ್ ಎನ್ನುತ್ತಿದ್ದುದು ಆ ಜಾಗದಲ್ಲಿ ಡಬ್ ಎಂದಿತು.

"ರಿಮೂವರ್ ಹಚ್ಚಿದ್ಯೇನೋ?"

"ಇಲ್ಲಕ್ಕ. ಬಂದಾಗ್ಲೇ ಹಂಗಿತ್ತು."

ಅಕ್ಕ ನನ್ನ ಮುಖ ನೋಡಿದಳು. ಮಾರನೆಯ ದಿನ ಹುಡುಗಿ ಬಂದಾಗ ಅವಳೇ ಮುಂದೆ ಹೋದಳು.

"ಇದು ನನ್ನ ಕೈಯಾಗೆ ಕೆಟ್ಟೋತು ತಂಗಿ. ಬೇರೇದು ತರಿಸಿ ಕೊಡ್ತೀನಿ."

"ರೇಸು ಹತ್ರಕ್ಕೆ ಬಂತಲ್ರಿ! ಕನ್ನಡಿ ಹೊಳ್ದಂಗೆ ಹೊಳೀತೈತೆ, ಇದನ್ನೇ ಕೊಡ್ರಿ."

"ಹೊಳೀತೈತೆ ಅಂತ ನಿನ್ನ ಬೀಳಾಕೆ ಕಳಿಸ್ಲೇನವ್ವ?"

ಅಕ್ಕ ಫೋರ್ಕಿಗೆ ಒದ್ದೆ ಬಟ್ಟೆ ಸುತ್ತಿ, ಅವಳ ಎದುರೇ ಗರಗಸದಿಂದ ಎರಡು ತುಂಡು ಮಾಡಿದಳು. ನಾನು ಮೂಲೆಯಲ್ಲಿ ಬಣ್ಣ ಕಲಸುತ್ತಾ ನಿಂತಿದ್ದೆ.

ಒಂದು ತುಂಡನ್ನು ಅಕ್ಕ ಬಾಗಿಲಿಗೆ ನೇತುಹಾಕಿದಳು. ಯಾರು ಕೆಡಿಸಿದ್ದು ಎಂದು ಕೇಳಿದವರಿಗೆಲ್ಲ "ನಾನೇ ಕಣ್ರಿ" ಎನ್ನುತ್ತಿದ್ದಳು. ನ್ಯಾಮತಿಯಿಂದಲೂ ಸೈಕಲ್ ಬರತೊಡಗಿದವು. ಕೆಟ್ಟಿದ್ದನ್ನು ಕೆಟ್ಟಿದೆ ಎಂದು ಹೇಳುವ ಅಂಗಡಿ ಎಂಬ ಹೆಸರು ನಮಗೆ ಬಂದದ್ದು ನನ್ನ ತಪ್ಪಿನಿಂದ, ಅವಳ ಬಾಯಿಂದ.

ಹೋದ ವರ್ಷ ಅಕ್ಕ ತೀರಿಕೊಂಡಳು. ನಿಜವನ್ನು ನಾನು ಅವಳಿಗೆ ಕೊನೆಗೂ ಹೇಳಲಿಲ್ಲ.

ಮೊನ್ನೆ ಜಗಳೂರಿನ ಆ ಹುಡುಗಿ ನೀಲಿ ಫೋರ್ಕ್ ಹಿಡಿದು ಬಂದಳು. ಬಾಗಿಲ ತುಂಡನ್ನು ಮುಟ್ಟಿ, "ಅಂಥ ಅಕ್ಕಾರ ಕೈ ಅವತ್ತು ಹೆಂಗೆ ತಪ್ಪಿತೋ" ಎಂದಳು.

"ಅವಳ ಕೈ ತಪ್ಪಲಿಲ್ಲವ್ವ. ಅದು ನಾನು ಮಾಡಿದ್ದು."

ಅವಳು ಕೊಡಲು ಚಾಚಿದ್ದ ಫೋರ್ಕನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಅಕ್ಕನ ಸ್ಟೂಲನ್ನು ಎಳೆದು ಕುಳಿತಳು.

"ಹಂಗಾದ್ರೆ ನನ್ನ ಮುಂದೇನೇ ಉಜ್ಜಣ್ಣ."

ಬಕೆಟ್ ತುಂಬಿಸಿ ಕುಳಿತೆ. ನೀಲಿ ನೀರು ಇಳಿಯಿತು, ತೆಳುವಾಗುತ್ತಾ ಬಂತು. ಕಪ್ಪಾಗುವ ಮುಂಚೆ ಕೈ ತೆಗೆದೆ.