ಮಾತಾಡಲು ಆಗುವಷ್ಟು ವೇಗ

ನನ್ನ ಗಂಡನಿಗೆ ಹಿಮ್ಮಡಿಯ ನರ ನೋಯತೊಡಗಿದಾಗ ನನಗೆ ಒಳಗೊಳಗೇ ಖುಷಿಯಾಗಿತ್ತು. ಇಂಥದ್ದನ್ನೆಲ್ಲ ಬರೆಯಬಾರದು ಅನ್ನುವವರು ಒಂದು ವಾರ ಇವರ ಜೊತೆ ಸಂಸಾರ ಮಾಡಿ ನೋಡಲಿ. ಇವರು ರೈಲ್ವೆ ಅಧಿಕಾರಿ, ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಬಂದವರು. ಇಲ್ಲಿಗೆ ಬಂದ ಮೇಲೆ ಟ್ರಯಥ್ಲಾನ್ ಕ್ಲಬ್ ಸೇರಿ, ಈಜಿ, ಸೈಕಲ್ ತುಳಿದು, ಓಡಿ, ಎಲ್ಲವನ್ನೂ ಒಂದೇ ಬೆಳಗಿನಲ್ಲಿ ಮುಗಿಸಿ ಪದಕ ತರುವುದನ್ನು ಕಲಿತರು. ಪದಕಗಳನ್ನು ನಮ್ಮ ದೇವರ ಕೋಣೆಯ ಬಾಗಿಲಿಗೆ ನೇತುಹಾಕಿದ್ದಾರೆ. ದಿನಾ ಅವನ್ನು ಸರಿಸಿಕೊಂಡು ಒಳಗೆ ಹೋಗಿ ದೀಪ ಹಚ್ಚಬೇಕು.

ಅದೇ ಕ್ಲಬ್ಬಿನಲ್ಲಿ ನಮ್ಮಂಥವರಿಗೂ ಒಂದು ಗುಂಪಿತ್ತು. ಯಾವ ಸ್ಪರ್ಧೆಗೂ ಹೋಗದೆ, ಬೆಳಗಿನ ಹೊತ್ತು ಅಂಬಾಝರಿ ಕೆರೆಯ ದಂಡೆಯ ರಸ್ತೆಯಲ್ಲಿ ಸುಮ್ಮನೆ ಓಡಿ, ಧರಮಪೇಠದಲ್ಲಿ ತರ್ರಿ ಎಂಬ ಖಾರದ ರಸ ಸುರಿದ ಅವಲಕ್ಕಿ ಪೋಹೆ ತಿಂದು ಮನೆಗೆ ಹೋಗುವ ಹೆಂಗಸರು ಮತ್ತು ನಿವೃತ್ತರು. ನಾನು ಸೇರಿ ಒಂದು ವರ್ಷವಾಗಿತ್ತು. ಇಡೀ ದಿನದಲ್ಲಿ ನನಗೆ ಯಾರೂ ಹೆಸರಿಟ್ಟು ಹಂಗಿಸದ ಹೊತ್ತು ಅದೊಂದೇ. ಇವರು ಚುರುಕು ಮಂದಿಯ ಜೊತೆ ಊರಾಚೆ ಸೈಕಲ್ ತುಳಿಯಲು ಹೋಗಿರುತ್ತಿದ್ದರು. ನಾನು ಏದುಸಿರು ಬಿಡುತ್ತ, ಬೆವರುತ್ತ, ಸುಖವಾಗಿದ್ದೆ.

ಚಳಿಗಾಲದ ಸ್ಪರ್ಧೆಗಳು ಮುಗಿದು ಬಿಸಿಲು ಏರತೊಡಗಿದರೆ ನಮ್ಮ ಕೋಚ್ ಎಲ್ಲರಿಗೂ ಆಫ್ ಸೀಸನ್ ಎಂದು ಸಾರುತ್ತಾರೆ. ಆಗ ಪದಕದವರೂ ನಮ್ಮ ಹಾಗೆ ನಿಧಾನ ಓಡಬೇಕು, ಮೈ ರಿಪೇರಿಯಾಗಬೇಕು. ಎಷ್ಟು ನಿಧಾನ ಎಂದರೆ, ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಬರಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದು ಲೆಕ್ಕ. ಯಾರಾದರೂ ಬಾಯಿ ಮುಚ್ಚಿಕೊಂಡು ಓಡುವುದು ಕಂಡರೆ ಕೋಚ್ ಸ್ಕೂಟರನ್ನು ಪಕ್ಕಕ್ಕೆ ತಂದು ಮಾತಾಡಿ, ಮಾತಾಡಿ ಅನ್ನುತ್ತಿದ್ದರು. ಹಿಮ್ಮಡಿ ನೋವಿನ ಇವರನ್ನು ಅವರು ತಂದು ಜೋಡಿ ಮಾಡಿದ್ದು ನನ್ನ ಜೊತೆ. ಕ್ಲಬ್ಬಿನಲ್ಲಿ ನನಗಿಂತ ನಿಧಾನದವರು ಇರಲಿಲ್ಲ, ಹಾಗಾಗಿ ಔಷಧಿಗೆ ನಾನೇ ಸರಿ ಎಂದು ಅವರಿಗೆ ಅನ್ನಿಸಿತು.

ಮದುವೆಯಾದ ಮೇಲೆ ಇವರು ನನ್ನ ಜೊತೆ ಒಂದು ಗಂಟೆ ಒಂದೇ ಸಮನೆ ಮಾತಾಡಿದ್ದು ನನಗೆ ನೆನಪಿಲ್ಲ. ಈಗ ಕೋಚ್ ಅಪ್ಪಣೆ, ಮಾತಾಡಲೇಬೇಕು. ಇವರಿಗೆ ನನ್ನ ಜೊತೆ ಆಡಲು ಇದ್ದದ್ದು ಒಂದೇ ವಿಷಯ, ನಾನು. ಮುಖದ ತುಂಬ ನಗು ಇಟ್ಟುಕೊಂಡು, ಹಾಡು ಗುನುಗುವ ದನಿಯಲ್ಲಿ, ಸುತ್ತಲಿನ ಮರಾಠಿ ಮಂದಿಗೆ ಒಂದಕ್ಷರ ತಿಳಿಯದ ನಮ್ಮ ಕನ್ನಡದಲ್ಲಿ ಶುರು ಮಾಡಿದರು.

"ಎಮ್ಮಿ ಕೆರಿಗೆ ಹೊಂಟಾಂಗ ಹೊಂಟೀ ನೋಡು. ನಿಮ್ಮಪ್ಪ ಹೊಟ್ಟಿಗೆ ಹಾಕ್ಯಾನ, ಬುದ್ಧಿ ಹಾಕೂದು ಮರತಾನ."

ನನ್ನ ತೋಳು, ನನ್ನ ನಡಿಗೆ, ನನ್ನ ತವರು, ನಾನು ಮಾಡುವ ಸಾರು, ಯಾವುದನ್ನೂ ಬಿಡಲಿಲ್ಲ. ದಿನಾ ಬೇರೆ ಬೇರೆ. ಇಷ್ಟೊಂದು ಸಂಗ್ರಹ ಇವರ ಹತ್ತಿರ ಇದೆ ಎಂದು ನನಗೇ ಗೊತ್ತಿರಲಿಲ್ಲ. ಇವರಿಗೆ ಬೇಕಾಗಿದ್ದು ನಾನು ಮನೆಯಲ್ಲಿ ಕುಳಿತುಕೊಳ್ಳುವುದು. ನಾನು ಬರುವುದನ್ನು ಬಿಟ್ಟರೆ ಇವರಿಗೆ ಬೇರೆ ಜೋಡಿ ಸಿಗುತ್ತಿತ್ತು. ನಾನು ಬಿಡಲಿಲ್ಲ. ಹಲ್ಲು ಕಚ್ಚಿ ಓಡಿದೆ, ಉತ್ತರವಾಗಿ ಹೂಂ, ಹೂಂ ಅಂದೆ. ಹಿಂದಿನಿಂದ ನೋಡಿದವರಿಗೆ ಅದು ಸರಸವಾಗಿ ಕಂಡಿತು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ಪೋಹೆ ತಿನ್ನುವಾಗ, ಇಷ್ಟು ಮಾತಾಡುವ ಗಂಡ ಸಿಗಲು ಪುಣ್ಯ ಮಾಡಿರಬೇಕು ಅಂದಳು. ನನಗೆ ಅವಳ ತಟ್ಟೆ ಕಸಿದು ಎಸೆಯಬೇಕು ಅನ್ನಿಸಿತು.

ಒಂದು ಬೆಳಿಗ್ಗೆ ಕೋಚ್ ಸ್ಕೂಟರಿನ ಹಿಂದೆ ಹುಡುಗನೊಬ್ಬನನ್ನು ಕೂರಿಸಿಕೊಂಡು ನಮ್ಮ ವಿಡಿಯೋ ಮಾಡಿಸಿದರು. ವಿಶ್ರಾಂತಿಯ ಓಟ ಹೇಗಿರಬೇಕು ಎಂದು ಎಲ್ಲರಿಗೂ ತೋರಿಸಲು. ಆ ಹೊತ್ತಿಗೆ ಸರಿಯಾಗಿ ಇವರು ನಗುತ್ತ ಆಡುತ್ತಿದ್ದ ಮಾತು ಇದು: "ಒಂದರೆ ಹಡದೀಯೇನು? ಮೈ ಮಾತ್ರ ನಾಕ ಹಡದಾಕಿ ಹಂಗ ಐತಿ."

ಎರಡು ಸಲ ನನ್ನ ಹೊಟ್ಟೆಯಲ್ಲಿ ನಿಂತದ್ದು ಉಳಿದಿರಲಿಲ್ಲ. ಅದು ಇವರಿಗೂ ಗೊತ್ತು, ಇವರ ಮನೆಯವರೆಲ್ಲರಿಗೂ ಗೊತ್ತು.

ಮಧ್ಯಾಹ್ನ ಇವರು ಆಫೀಸಿನಲ್ಲಿ ಕುಳಿತು, ಕೋಚ್ ಫೋನಿಗೆ ಕಳಿಸಿದ್ದ ಆ ವಿಡಿಯೋ ನೋಡಿದ್ದಾರೆ. ದನಿ ಬಂದ್ ಮಾಡಿ, ತಮ್ಮ ಹಿಮ್ಮಡಿ ಹೇಗೆ ಬೀಳುತ್ತದೆ ಎಂದಷ್ಟೇ ನೋಡಿದ್ದಾರೆ. ಚೆನ್ನಾಗಿ ಬೀಳುತ್ತಿತ್ತು. ಹೆಮ್ಮೆಯಾಗಿ ಅದನ್ನು ಮನೆಮಂದಿಯ ಫೋನ್ ಗುಂಪಿಗೆ ತಾವೇ ಕಳಿಸಿದ್ದಾರೆ. ಬಾಗಲಕೋಟೆಯ ಅತ್ತೆ, ನಾದಿನಿಯರು, ಮೈದುನ, ಅವನ ಹೆಂಡತಿ, ಎಲ್ಲರೂ ಕನ್ನಡದವರು, ಎಲ್ಲರ ಕಿವಿಯೂ ಸರಿಯಾಗಿದೆ.

ನಾನು ಅಡುಗೆಮನೆಯ ಕಟ್ಟೆಗೆ ಒರಗಿ ಫೋನು ಹಿಡಿದು ನಿಂತೆ. ಒಬ್ಬೊಬ್ಬರೇ ನೋಡಿದರು. ಯಾರಾದರೂ ಒಬ್ಬರು, ಬಾಯಿ ಮಾತಿಗಾದರೂ, ಹಾಗೆ ಅನ್ನಬಾರದಿತ್ತು ಅನ್ನುತ್ತಾರೆಂದು ಕಾದೆ. ನಾದಿನಿ ಹೆಬ್ಬೆರಳು ಎತ್ತಿದಳು. ಮೈದುನ ಚಪ್ಪಾಳೆ ಹಾಕಿದ. ಕೊನೆಗೆ ಅತ್ತೆಯ ದನಿ ಬಂತು.

"ಕಾಲು ಜ್ವಾಕಿ ತಮ್ಮಾ. ರಾತ್ರಿ ಎಣ್ಣಿ ಕಾಸಿ ತಿಕ್ಕಸ್ಕೊ. ಅಕಿಗೆ ಹೇಳು, ತಿಕ್ಕತಾಳ."

ಅಷ್ಟೇ. ಸಂಜೆ ಇವರು ಬಂದಾಗ ವಿಡಿಯೋದ ದನಿ ಹಚ್ಚಿ ಕೇಳಿ ಎಂದು ಫೋನು ಕೊಟ್ಟೆ. ಕೇಳಿದರು. ಒಂದು ಗಳಿಗೆ ಮುಖ ಕಪ್ಪಿಟ್ಟಿತು, ನನಗಾಗಿ ಅಲ್ಲ, ಕೋಚ್ ಎಲ್ಲೆಲ್ಲಿಗೆ ಕಳಿಸಿದ್ದಾರೋ ಎಂದು. ಆಮೇಲೆ ಫೋನು ವಾಪಸು ಕೊಟ್ಟು, "ಏನಾತೀಗ? ಎಲ್ಲಾರಿಗೂ ಗೊತ್ತಿದ್ದದ್ದ ಅಲ್ಲ?" ಅಂದರು. ಅಂದು ನಾನು ಎಣ್ಣೆ ಕಾಸಲಿಲ್ಲ.

ಮರುದಿನ ಇವರು ಎಂದಿನಂತೆ ನಗುತ್ತ, ನನ್ನಂಥವಳನ್ನು ಇಟ್ಟುಕೊಂಡಿದ್ದೇ ದೊಡ್ಡದು ಎಂದು ಶುರು ಮಾಡಿದರು. ನಾನು ಹೂಂ ಅನ್ನಲಿಲ್ಲ. ಹಿಂದೆ ಬರುತ್ತಿದ್ದವರ ಕಡೆ ಸ್ವಲ್ಪ ತಿರುಗಿ, ಇವರದೇ ಹಾಡುವ ದನಿಯಲ್ಲಿ, ಆ ಮಾತನ್ನು ಹಿಂದಿಯಲ್ಲಿ ಹೇಳಿದೆ. ಬ್ಯಾಂಕಿನಾಕೆ ತಮಾಷೆ ಎಂದು ನಕ್ಕಳು. ನಿನ್ನೆಯ ವಿಡಿಯೋದಲ್ಲಿ ಏನಿದೆ ಎಂದೂ ಹೇಳಿದೆ, ಒಂದು ಶಬ್ದ ಬಿಡದೆ. ನಗು ನಿಂತಿತು. ಎಮ್ಮೆ, ನಮ್ಮಪ್ಪ, ಸಾರು, ನೆನಪಿದ್ದಷ್ಟೂ ಹೇಳಿದೆ. ನನ್ನ ಉಸಿರು ಅಷ್ಟು ಹದವಾಗಿ ಎಂದೂ ಬಂದಿರಲಿಲ್ಲ. ಇವರು ಒಂದೇ ಒಂದು ಸಲ ಸಾಕು ಅಂದರು. ನಾನು ಅದನ್ನೂ ಹಿಂದಿಯಲ್ಲಿ ಹೇಳಿದೆ.

ಧರಮಪೇಠದಲ್ಲಿ ನನ್ನ ಪಕ್ಕ ಯಾರೂ ಕುಳಿತುಕೊಳ್ಳಲಿಲ್ಲ. ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಬಹಳ ಮರ್ಯಾದೆಯ ಮನುಷ್ಯ, ಭಾಭೀಜಿ ಎಂದೇ ಮಾತಾಡುತ್ತಾರೆ. ಮನೆಯ ವಿಷಯ ಮನೆಯಲ್ಲಿರಬೇಕು, ಸಾಹೇಬರ ನರ ವಾಸಿಯಾಗಬೇಕಾದರೆ ಮನಸ್ಸಿಗೆ ಶಾಂತಿ ಬೇಕು, ಕ್ಲಬ್ಬಿಗೆ ಪದಕ ತರುವವರು ಅವರು ಅಂದರು. ನೀವು ಸೀಸನ್ ಶುರುವಾಗುವ ತನಕ ಆರಾಮ ಮಾಡಿ ಅಂದರು. ಸ್ಪರ್ಧೆಗೇ ಹೋಗದ ನನಗೆ ಎಲ್ಲಿಯ ಸೀಸನ್, ಎಲ್ಲಿಯ ಆಫ್ ಸೀಸನ್ ಎಂದು ಕೇಳಿದೆ. ಅವರು ತಮ್ಮ ಪೋಹೆಗೆ ನಿಂಬೆಹಣ್ಣು ಹಿಂಡಿಕೊಂಡರು. ಸಂಜೆಯೊಳಗೆ ಕ್ಲಬ್ಬಿನ ಗುಂಪಿನಿಂದ ನನ್ನ ನಂಬರು ಹೋಗಿತ್ತು.

ಕ್ಲಬ್ಬು ಅವರದು, ರಸ್ತೆ ಸರಕಾರದ್ದು. ಮರುದಿನ ಇವರಿಗಿಂತ ಮೊದಲೇ ಎದ್ದು ಚಹಾ ಇಡದೆ ಹೊರಟೆ. ಕೆರೆಯ ದಂಡೆಯ ಮೇಲೆ ಒಬ್ಬಳೇ ಓಡಿದೆ, ಅವರು ಬರುವ ದಿಕ್ಕಿಗೆ ಎದುರಾಗಿ. ಗುಂಪು ಬಂತು. ಇವರು ಬ್ಯಾಂಕಿನಾಕೆಯ ಜೋಡಿಯಾಗಿದ್ದರು. ಮೊಣಕಾಲು ನೋಯುತ್ತಿಲ್ಲ ತಾನೆ, ನೀರು ಕುಡಿಯಿರಿ, ಬೇಕಾದರೆ ನಡೆಯೋಣ ಎಂದು ಹಿಂದಿಯಲ್ಲಿ ಕೇಳುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ. ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಕೆ ನನ್ನನ್ನು ನೋಡಿ ತಲೆ ತಗ್ಗಿಸಿದಳು. ಇವರು ತಗ್ಗಿಸಲಿಲ್ಲ. ಹತ್ತಿರ ಬಂದಾಗ, ನಗುತ್ತಲೇ, ಕನ್ನಡದಲ್ಲಿ ಏನೋ ಅಂದರು. ಏನೆಂದು ಕೇಳಿಸಿಕೊಳ್ಳಲು ನಾನು ನಿಧಾನ ಮಾಡಲಿಲ್ಲ.